ಕ್ಯಾಸಲ್‌ರಾಕ್ ಎಂಬ ಫೋಲ್ಡರ್

ನಾನು ಮನೆಯಲ್ಲಿ ಕೂತು ಬರೆಯುವುದು ಫೈಲ್‌ಸಿಸ್ಟಮ್. ಅಂದರೆ ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿರಬೇಕೆಂದು ನೋಡಿಕೊಳ್ಳುವ, ಲಿನಕ್ಸ್‌ನ ಒಳಗಿನ ಒಂದು ಭಾಗ. ನಾವಿರುವ ಅಂಬೇವಾಡಿಯಲ್ಲಿ ಇದನ್ನು ಯಾರಿಗೂ ವಿವರಿಸಲು ಹೋಗುವುದಿಲ್ಲ. ಅಪ್ಪನ ಜೊತೆ ಮಿಲ್ಲಿನಲ್ಲಿದ್ದವರು ಕೇಳಿದರೆ ಕಂಪ್ಯೂಟರ್ ಕೆಲಸ ಎಂದು ತಪ್ಪಿಸಿಕೊಳ್ಳುತ್ತೇನೆ. ವಿವರಿಸಿದ್ದು ಒಬ್ಬರಿಗೆ ಮಾತ್ರ, ದಾಂಡೇಲಿ ಪೇಟೆಯ ಫೋಟೊ ಸ್ಟುಡಿಯೋದ ಚಾಚಾಗೆ. ಅವರು ನನ್ನನ್ನು ನಂಬಿದರು.

ಚಾಚಾ ತಾವು ತೆಗೆದ ಒಂದು ಪಾಸ್‌ಪೋರ್ಟ್ ಫೋಟೊವನ್ನೂ ಎಸೆದವರಲ್ಲ. ಊರಿಗೊಂದು ಫೋಲ್ಡರ್: ಜೋಯಿಡಾ, ಹಳಿಯಾಳ, ಕ್ಯಾಸಲ್‌ರಾಕ್. ಯಾರಾದರೂ ತೀರಿಕೊಂಡರೆ ಮನೆಯವರು ಬರುವುದು ಅವರ ಬಳಿಗೇ, ರೇಷನ್ ಕಾರ್ಡಿಗೋ ಬ್ಯಾಂಕಿಗೋ ಎಂದೋ ತೆಗೆಸಿದ್ದ ಮುಖವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಲು. ತಾರೀಖು ಯಾರಿಗೂ ನೆನಪಿರುವುದಿಲ್ಲ, ಊರು ನೆನಪಿರುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಡಿವಿಡಿಗೆ ಇಳಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದರು.

ಆ ಡಬ್ಬಿ ನೋಡಿ ನಾನು ನಕ್ಕಿದ್ದೆ. ಅವರ ಕಂಪ್ಯೂಟರಿಗೆ ನಮ್ಮ ಫೈಲ್‌ಸಿಸ್ಟಮ್ ಹಾಕಿಕೊಟ್ಟು ಜಂಬದಿಂದ ಪಾಠ ಮಾಡಿದ್ದೆ. ಇದು ಹಳೆಯದರ ಮೇಲೆ ಬರೆಯುವುದೇ ಇಲ್ಲ, ಬದಲಾದದ್ದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ವಾರಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟರೆ ಆ ದಿನ ಡಿಸ್ಕ್ ಹೇಗಿತ್ತೋ ಹಾಗೇ ಉಳಿಯುತ್ತದೆ. ನೀವು ಏನು ಅಳಿಸಿದರೂ ನಾನು ತಂದುಕೊಡುತ್ತೇನೆ ಎಂದು. ಚಾಚಾ ಡಿವಿಡಿ ಮಾಡುವುದನ್ನು ಬಿಟ್ಟರು.

ಕೆಲವು ವರ್ಷಗಳಲ್ಲಿ ಡಿಸ್ಕ್ ತುಂಬಿತು. ಹೇಗಿದ್ದರೂ ತಂದುಕೊಡಲು ಈ ಹುಡುಗಿ ಇದ್ದಾಳಲ್ಲ ಎಂದು ಚಾಚಾ ಊರಿನ ಫೋಲ್ಡರುಗಳಲ್ಲಿ ಕೆಲವನ್ನು ಅಳಿಸಿದರು. ಆದರೂ ಜಾಗ ಬಿಡಲಿಲ್ಲ. ಬಿಡುವುದು ಹೇಗೆ, ಅಳಿಸಿದ್ದನ್ನೆಲ್ಲ ಸ್ನ್ಯಾಪ್‌ಶಾಟ್‌ಗಳು ಹಿಡಿದುಕೊಂಡಿದ್ದವು. ಆ ಫೋಲ್ಡರುಗಳಿರುವ ಇತ್ತೀಚಿನ ಸ್ನ್ಯಾಪ್‌ಶಾಟ್ ಒಂದನ್ನು ಉಳಿಸಿಕೊಂಡು, ಮದುವೆ ವಿಡಿಯೊಗಳ ಕಸವೇ ತುಂಬಿದ್ದ ಹಳೆಯವನ್ನು ತೆಗೆದರೆ ಸಾಕಿತ್ತು.

ಹಾಗೆ ತೆಗೆಯುವ ಕೆಲಸ ಬೇಗ ಆಗಲೆಂದು ನಾನು ಹೊಸ ಕೋಡ್ ಬರೆದಿದ್ದೆ. ಅದನ್ನು ಇನ್ನೂ ಯಾರೂ ಪರಿಶೀಲಿಸಿರಲಿಲ್ಲ. ನನ್ನ ಪರೀಕ್ಷೆಗಳಲ್ಲಿ ಪಾಸಾಗಿತ್ತು ನಿಜ, ಆದರೆ ಅವೆಲ್ಲ ಆಟದ ಡಿಸ್ಕುಗಳು. ಇಲ್ಲಿ ವರ್ಷಗಟ್ಟಲೆ ಬಳಸಿದ, ಕಿಕ್ಕಿರಿದ ಡಿಸ್ಕೊಂದು ಎದುರಿಗೇ ಇತ್ತು. ಬಾಯಲ್ಲಿ ನೀರೂರಿತು ಎಂದರೆ ಅಸಹ್ಯವಾಗಿ ಕೇಳಿಸುತ್ತದೆ, ಆದರೆ ನಡೆದದ್ದು ಅದೇ. ಚಾಚಾಗೆ ಒಂದು ಮಾತೂ ಹೇಳದೆ, ಅವರು ತರಿಸಿದ ಚಹಾ ಕುಡಿಯುತ್ತ, ಅದನ್ನೇ ಓಡಿಸಿದೆ. ಜಾಗ ಬಿಟ್ಟಿತು. ಹೆಮ್ಮೆಯಿಂದ ಮನೆಗೆ ಬಂದೆ.

ಎರಡು ವಾರದ ಮೇಲೆ ಕ್ಯಾಸಲ್‌ರಾಕ್‌ನಿಂದ ರೈಲು ಹಳಿಯ ಕೆಲಸದವರೊಬ್ಬರು ಸ್ಟುಡಿಯೋಕ್ಕೆ ಬಂದರು. ಅವರನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡಿದ್ದರು. ಆಕೆ ಜೀವಮಾನದಲ್ಲಿ ಫೋಟೊ ತೆಗೆಸಿಕೊಂಡದ್ದು ಒಂದೇ ಸಲ, ಬ್ಯಾಂಕಿನ ಪಾಸ್‌ಬುಕ್ಕಿಗೆಂದು, ಡಿವಿಡಿ ನಿಂತ ಮೇಲೆ. ಅಳಿಸಿದ ಫೋಲ್ಡರುಗಳಲ್ಲಿ ಕ್ಯಾಸಲ್‌ರಾಕ್ ಕೂಡ ಇದ್ದುದರಿಂದ ಚಾಚಾ ನನ್ನನ್ನು ಕರೆಸಿದರು.

ಉಳಿಸಿದ್ದ ಸ್ನ್ಯಾಪ್‌ಶಾಟ್ ತೆರೆದೆ. ಫೋಲ್ಡರ್ ಇತ್ತು, ಫೈಲಿನ ಹೆಸರೂ ಇತ್ತು, ಫೋಟೊ ಮಾತ್ರ ತೆರೆಯಲಿಲ್ಲ. ನಡೆದದ್ದನ್ನೆಲ್ಲ ಕಂಪ್ಯೂಟರ್ ಬರೆದಿಡುವ ಲಾಗ್ ನೋಡಿದರೆ ಅದರ ಜಾಗದಲ್ಲಿ ಯಾರದೋ ಹೊಸ ಮದುವೆಯ ವಿಡಿಯೊ ಕೂತಿತ್ತು. ಎರಡು ಸ್ನ್ಯಾಪ್‌ಶಾಟ್‌ಗಳು ಹಂಚಿಕೊಂಡ ಭಾಗವೆಂದರೆ ಎರಡು ಮನೆಗಳ ನಡುವಿನ ಗೋಡೆಯ ಹಾಗೆ. ಒಂದು ಮನೆ ಕೆಡವಿದರೂ ಗೋಡೆ ನಿಲ್ಲಬೇಕು. ಆ ಗೋಡೆ ಎಷ್ಟು ಮನೆಗಳಿಗೆ ಬೇಕೆಂಬ ಎಣಿಕೆಯನ್ನು ನನ್ನ ಕೋಡ್ ಒಂದು ಸಲ ಇಳಿಸುವ ಕಡೆ ಎರಡು ಸಲ ಇಳಿಸಿತ್ತು. ಗೋಡೆ ಯಾರಿಗೂ ಬೇಡವೆಂದು ಬಿದ್ದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಆ ಹಳಿ ಕೆಲಸದವರ ಕೈ ಹಿಡಿದುಕೊಂಡರು.

"ಮಾಫ್ ಮಾಡ್ರಿ. ನನ್ನ ಕೈಲೇ ಅಳಿಸೇನಿ. ಪಾಪ, ಈ ಹುಡುಗಿ ಭಾಳ ಹುಡುಕಿದ್ಲು, ಸಿಗವಲ್ತು."

ಆಗಲೇ ಹೇಳಬೇಕಿತ್ತು. ನಾನು ಕೀಬೋರ್ಡ್ ನೋಡುತ್ತ ಕೂತೆ. ಒಂದು ನಿಮಿಷ ಸುಮ್ಮನಿದ್ದರೆ ಆಮೇಲೆ ಮಾತು ಎಷ್ಟು ಭಾರವಾಗುತ್ತದೆಂದು ಆ ದಿನ ಗೊತ್ತಾಯಿತು.

ಅವರು ತಂದಿದ್ದ ಪಾಸ್‌ಬುಕ್ಕಿನ ಫೋಟೊದ ಮೇಲೆ ಅರ್ಧ ಮುಖಕ್ಕೆ ಬ್ಯಾಂಕಿನ ಸೀಲು ಬಿದ್ದಿತ್ತು. ಚಾಚಾ ಅದನ್ನೇ ಸ್ಕ್ಯಾನ್ ಮಾಡಿ, ಮೂರು ದಿನ ಕೂತು, ಸೀಲು ತೆಗೆದು ಕೆನ್ನೆ ಬಿಡಿಸಿದರು. ಒಯ್ಯಲು ಬಂದಾಗ ಆಕೆಯ ತಮ್ಮ ಅದನ್ನು ಬಹಳ ಹೊತ್ತು ನೋಡಿದರಂತೆ. "ಗಲ್ಲ ನಮ್ಮಕ್ಕಂದಲ್ರೀ. ಇರ್ಲಿ, ಕಣ್ಣು ಆಕೀವ ಅದಾವ," ಎಂದು ಫ್ರೇಮನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರಂತೆ. ಚಾಚಾ ಇದನ್ನು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ನಾನು ಕೋಡ್ ತಿದ್ದಿ, ಬೇರೆ ಬೇರೆ ದೇಶಗಳಲ್ಲಿ ಕೂತು ನನ್ನ ಜೊತೆ ಈ ಫೈಲ್‌ಸಿಸ್ಟಮ್ ಬರೆಯುವವರಿಗೆ ಕಳಿಸಿಯಾಗಿತ್ತು. ಜೊತೆಗಿನ ಪತ್ರದಲ್ಲಿ ಏನನ್ನೂ ಮುಚ್ಚಿಡಲಿಲ್ಲ: ಪರಿಶೀಲಿಸದ ಕೋಡನ್ನು ಬೇರೆಯವರ ಡಿಸ್ಕಿನ ಮೇಲೆ, ಅವರಿಗೆ ತಿಳಿಸದೆ ಓಡಿಸಿದೆ, ಅವರ ಫೋಟೊಗಳು ಹೋದವು, ತಪ್ಪು ನನ್ನದು. ಎಲ್ಲೆಲ್ಲಿಯವರೋ ಓದಿದರು. ಇಬ್ಬರು ನನ್ನ ಪ್ರಾಮಾಣಿಕತೆಯನ್ನು ಹೊಗಳಿ ಬರೆದರು. ನಾಚಿಕೆಯಿಂದ ಸತ್ತೆ. ಮುಖ ಕಾಣದವರಿಗೆ ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಹೇಳಿದ್ದನ್ನು, ಹತ್ತು ನಿಮಿಷದ ದಾರಿಯಲ್ಲಿರುವ ಒಬ್ಬ ಮನುಷ್ಯನಿಗೆ ಹೇಳಿರಲಿಲ್ಲ.

ಹೇಳಲೇಬೇಕೆಂದು ಒಂದು ಬೆಳಿಗ್ಗೆ ಹೋದೆ. ಚಾಚಾ ಕುರ್ಚಿ ಎಳೆದು ಕೂರಿಸಿ, ತಾವೇ ಮೊದಲು ಮಾತು ತೆಗೆದರು.

"ಬೇಟಿ, ನನಗ ವಯಸ್ಸಾತು. ಇನ್ನ ಮ್ಯಾಲೆ ಅಳಿಸೂದು ನನ್ನ ಕೈಗೆ ಕೊಡಬ್ಯಾಡ. ಬಂದ್ ಮಾಡಿಬಿಡು."

ಅದು ಎರಡು ನಿಮಿಷದ ಕೆಲಸ. ಹೇಳಲು ಬಂದದ್ದನ್ನು ಬಿಟ್ಟು ಅದನ್ನು ಮಾಡಿಕೊಟ್ಟೆ. ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಆ ಡಿಸ್ಕಿನಲ್ಲಿರುವ ಯಾವುದನ್ನೇ ಆಗಲಿ ಅಳಿಸುವ ಅಧಿಕಾರ ಈಗ ನನಗೊಬ್ಬಳಿಗೇ ಇದೆ.