ನಾಲ್ಕನೆಯ ನೆಂಟ

ಆ ಬಣ್ಣದ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವರು ‘ನೆಂಟರ ಮೇಡಂ’. ಹೊಸ ರಾಸಾಯನಿಕವೊಂದನ್ನು ಯಾರಾದರೂ ಅಕಸ್ಮಾತ್ ನುಂಗಿದರೆ ಎಷ್ಟು ಅಪಾಯ ಎಂದು ಬರೆದುಕೊಡುವುದು ಅವರ ಕೆಲಸ. ಪ್ರತಿಯೊಂದನ್ನೂ ಇಲಿಗಳಿಗೆ ಕುಡಿಸಿ ನೋಡುವುದಿಲ್ಲ. ರಚನೆಯಲ್ಲಿ ಅದನ್ನು ಹೋಲುವ, ಆಗಲೇ ಪರೀಕ್ಷೆಯಾದ ನಾಲ್ಕಾರು ಪದಾರ್ಥಗಳನ್ನು ಹುಡುಕಿ, ಅವುಗಳ ಅಂಕಿಅಂಶದಿಂದ ಇದರ ಗುಣ ಅಳೆಯುತ್ತಾರೆ. “ಮೇಡಂ, ಹೊಸಬನಿಗೆ ನೆಂಟರು ಸಿಕ್ಕಿದ್ರಾ?” ಎಂದು ಪ್ರಯೋಗಾಲಯದವರು ಚುಡಾಯಿಸುತ್ತಿದ್ದರು. ಹದಿನೆಂಟು ವರ್ಷದಲ್ಲಿ ಅವರ ಸಹಿಯ ಬಗ್ಗೆ ಯಾರೂ ಚಕಾರವೆತ್ತಿರಲಿಲ್ಲ.

ಒಂದು ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ಯಂತ್ರ ತೊಳೆಯುವ ಕೆಲಸಗಾರನೊಬ್ಬ, ಯಾರೋ ನೀರಿನ ಬಾಟಲಿಗೆ ತುಂಬಿಟ್ಟಿದ್ದ ತೊಳೆಯುವ ದ್ರವವನ್ನು ನೀರೆಂದುಕೊಂಡು ಎರಡು ಗುಟುಕು ಕುಡಿದುಬಿಟ್ಟಿದ್ದ.

“ಮನುಷ್ಯ ಆರಾಮಾಗಿ ಕೂತಿದ್ದಾನೆ,” ಎಂದರು ಡಾಕ್ಟರು. “ಆ ದ್ರವದ ಬಗ್ಗೆ ನೀವು ಬರೆದ ಹಾಳೆಯಲ್ಲೂ ‘ಅಲ್ಪ ಅಪಾಯ’ ಅಂತಿದೆ. ಮಧ್ಯಾಹ್ನ ಮನೆಗೆ ಕಳಿಸ್ಲಾ?”

“ಹತ್ತು ನಿಮಿಷ ಕೊಡಿ ಸಾರ್.”

ಆರು ತಿಂಗಳ ಹಿಂದೆ ಆ ಹಾಳೆಗೆ ಸಹಿ ಹಾಕಿದ್ದವರು ಅವರೇ. ಫೈಲು ತೆರೆದರು. ನೆಂಟರು ನಾಲ್ಕು. ಮೂರು ಸಾಧು, ಇಲಿಗಳಿಗೆ ಎಷ್ಟು ಕುಡಿಸಿದರೂ ಹೆಚ್ಚೇನೂ ಆಗಿರಲಿಲ್ಲ. ನಾಲ್ಕನೆಯದನ್ನು ಕುಡಿಸಿದ ಇಲಿಗಳು ಮೊದಲ ದಿನ ಓಡಾಡಿಕೊಂಡಿದ್ದು, ಮರುದಿನ ಮೂತ್ರಪಿಂಡ ಕೈಕೊಟ್ಟು ಸತ್ತಿದ್ದವು. ಪಕ್ಕದಲ್ಲಿ ಅವರದೇ ಕೈಬರಹ: ‘ಒಂದೇ ಅಧ್ಯಯನ, ಹಳೆಯದು. ಕೈಬಿಡಬಹುದು.’

ಹೊಸದೂ ಸೇರಿ ಐದೂ ರಚನೆಗಳನ್ನು ಅಕ್ಕಪಕ್ಕ ಬರೆದರು. ಯಕೃತ್ತು ಹೊಸದನ್ನು ಎಲ್ಲಿ ಒಡೆಯಬಹುದು ಎಂದು ಹುಡುಕುತ್ತಾ ಹೋದ ಪೆನ್ಸಿಲ್ ಒಂದು ಕಡೆ ನಿಂತುಬಿಟ್ಟಿತು. ಆ ಜಾಗ ನಾಲ್ಕನೆಯದರಲ್ಲಿದ್ದಂತೆಯೇ ಇತ್ತು. ಒಡೆದರೆ ಹುಟ್ಟುವುದೂ ಆ ಇಲಿಗಳ ಮೂತ್ರಪಿಂಡ ಕೆಡಿಸಿದ್ದ ಅದೇ ಆಮ್ಲ.

ಸುದ್ದಿ ಕೇಳಿ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಮೇಡಂ ಫೈಲು ತೋರಿಸಿ, ಹಾಳೆ ತಪ್ಪಿರಬಹುದು ಎಂದರು. “ಏನ್ರೀ, ನೀವೇ ಬರೆದದ್ದನ್ನ ನೀವೇ ಅಲ್ಲ ಅಂತೀರಾ? ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ!”

“ಇದು ಕೈಯೆತ್ತಿ ಓಟು ಹಾಕೋ ವಿಷಯ ಅಲ್ಲ ಸಾರ್. ಯಾವುದು ಹೆಚ್ಚು ಹತ್ತಿರ ಅಂತ ನೋಡ್ಬೇಕಿತ್ತು. ನಾನು ಬರೀ ಎಣಿಸಿದೆ.”

“ಈಗ ಹೇಳ್ತಿರೋದೂ ತಪ್ಪಾದ್ರೆ?”

“ಅವನು ಎರಡು ದಿನ ಸುಮ್ಮನೆ ಆಸ್ಪತ್ರೆಯಲ್ಲಿ ಮಲಗ್ತಾನೆ. ಹಾಳೆ ತಪ್ಪಾಗಿದ್ದು ಮನೆಗೆ ಕಳಿಸಿದ್ರೆ ಏಳೋದೇ ಇಲ್ಲ.”

ಡಾಕ್ಟರಿಗೆ ಫೋನ್ ಮಾಡಿದರು. “ಮನೆಗೆ ಕಳಿಸಬೇಡಿ. ಗಂಟೆಗೊಮ್ಮೆ ರಕ್ತದಲ್ಲಿ ಆಮ್ಲ ನೋಡಿ. ದೇಹ ಅದನ್ನ ಒಡೆಯದ ಹಾಗೆ ತಡೆಯೋ ಔಷಧಿ ತರಿಸಿ. ಹಾಳೆಯಲ್ಲಿರೋದು ನನ್ನ ತಪ್ಪು.”

“ಖಾತ್ರಿನಾ?”

“ಇಲ್ಲ ಸಾರ್. ಹೋಲಿಕೆ ಅಷ್ಟೇ. ಆದ್ರೆ ಕಾದು ನೋಡೋಕೆ ಹೊತ್ತಿಲ್ಲ.”

ಔಷಧಿ ಇನ್ನೊಂದು ಆಸ್ಪತ್ರೆಯಿಂದ ಬರಬೇಕಿತ್ತು. ಅಷ್ಟರಲ್ಲಿ ಕೆಲಸಗಾರನ ಹೆಂಡತಿ ಡಾಕ್ಟರ ಕೈಯಿಂದ ಫೋನ್ ಇಸಿದುಕೊಂಡಳು. “ಅಕ್ಕಾ, ನಮ್ಮನೆಯವರು ಜೋಕು ಹೊಡೀತಾ ಕೂತಿದ್ದಾರೆ. ಸುಮ್ನೆ ಯಾಕೆ ಸೂಜಿ ಚುಚ್ಚಿಸ್ತೀರಿ?”

“ಇವತ್ತು ಚೆನ್ನಾಗೇ ಇರ್ತಾರಮ್ಮಾ. ನಂಗೆ ನಾಳೆಯದೇ ಭಯ.”

ಹನ್ನೆರಡಕ್ಕೆ ರಕ್ತ ಸರಿಯಿತ್ತು. ಒಂದು ಗಂಟೆಗೂ ಸರಿಯಿತ್ತು. ಮ್ಯಾನೇಜರ್ ಬಂದು ಗಡಿಯಾರ ನೋಡಿ ಹೋದರು. ಮನೆಯಿಂದ ಅತ್ತೆ ಫೋನ್ ಮಾಡಿ, “ಊಟ ಆಯ್ತೇನಮ್ಮಾ?” ಎಂದರು. “ಆಯ್ತತ್ತೆ,” ಎಂದರು ಮೇಡಂ. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

ಎರಡೂಕಾಲು ಗಂಟೆಗೆ ಡಾಕ್ಟರ ದನಿ ಬದಲಾಗಿತ್ತು. “ಆಮ್ಲ ಏರ್ತಿದೆ ಮೇಡಂ. ಔಷಧಿ ಈಗಷ್ಟೇ ಬಂತು, ಕೊಡ್ತಿದ್ದೀವಿ. ಅದಕ್ಕೆ ಈಗ ಹೇಳಿ ಕಳಿಸಿದ್ರೆ ಬರೋದು ಸಂಜೆ ಆಗ್ತಿತ್ತು.”

ಮೇಡಂ ಮೇಜಿಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತರು.

ಎರಡು ದಿನ ಅವನಿಗೆ ಮೂತ್ರ ಕಟ್ಟಿತು, ಮೂರನೆಯ ದಿನ ಸರಿಹೋಯಿತು. ಮೇಡಂ ಹಾಳೆ ತಿದ್ದಿ, ತಪ್ಪಿನ ವರದಿಯನ್ನು ತಾವೇ ಬರೆದರು. ಒಂದು ವರ್ಷ ಅವರ ಸಹಿಯ ಕೆಳಗೆ ಇನ್ನೊಬ್ಬರ ಸಹಿ ಬೇಕೆಂದು ಆದೇಶವಾಯಿತು.

ಕೆಲಸಕ್ಕೆ ಮರಳಿದ ದಿನ ಅವನು ಅವರ ಕೋಣೆಗೆ ಬಂದ. “ನನ್ನ ಮಂಚಕ್ಕೆ ಕಟ್ಟಿಹಾಕಿದ್ದು ನೀವೇನಾ ಮೇಡಂ?”

“ಹೌದಪ್ಪಾ. ಆದ್ರೆ ಇನ್ನೊಂದೂ ಹೇಳ್ಬೇಕು. ನಾನು ಮೊದಲೇ ಸರಿಯಾಗಿ ಬರೆದಿದ್ರೆ ಆ ದ್ರವದ ಕ್ಯಾನಿನ ಮೇಲೆ ವಿಷದ ಗುರುತು ಇರ್ತಿತ್ತು. ಅದನ್ನ ಯಾರೂ ನೀರಿನ ಬಾಟಲಿಗೆ ಸುರೀತಿರಲಿಲ್ಲ.”

ಅವನ ಮುಖದ ನಗು ಇಳಿಯಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

“ನಾನು ದಿನಾ ಮುಟ್ಟೋ ಕ್ಯಾನು ಇನ್ನೂ ಐದಿವೆ,” ಎಂದ. “ಒಂದೊಂದನ್ನೇ ಓದಿ ಹೇಳಿ.”

ಮೇಡಂ ಮೊದಲನೆಯ ಫೈಲು ತೆರೆದರು.