ಒಂದು ಮೊಳ ಗೋಡೆ

ಡೆವನ್ ಅವೆನ್ಯೂಗೆ ಎರಡು ಬೀದಿ ಆಚೆ ನಮ್ಮ ಬಾಡಿಗೆ ಮನೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ದೇಶದವರ ಸೀರೆ ಅಂಗಡಿಗಳು ಆ ಬೀದಿಗೆ ಇನ್ನೂ ಬಂದಿರಲಿಲ್ಲ, ಸುತ್ತಲೂ ಯಹೂದಿಗಳ ಬೇಕರಿಗಳೇ. ಮಹಡಿಯಲ್ಲಿ ನಾನು, ನನ್ನ ಗಂಡ. ಕೆಳಗೆ ಮನೆಯೊಡತಿ, ಒಂಟಿ ಯಹೂದಿ ಅಜ್ಜಿ. ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದರು. ಬಾಗಿಲೆದುರಿನ ಗೋಡೆಯಲ್ಲಿ ಒಂದು ಚೌಕ ಮಾತ್ರ ಗಾರೆಯಿಲ್ಲದೆ, ಬಣ್ಣವಿಲ್ಲದೆ, ಇಟ್ಟಿಗೆ ಕಾಣುವಂತಿತ್ತು.

ನನ್ನ ಗಂಡ ಸಿವಿಲ್ ಎಂಜಿನಿಯರ್. ಅರ್ಧಂಬರ್ಧ ಕೆಲಸ ಕಂಡರೆ ಮೈ ಪರಚಿಕೊಳ್ಳುವ ಜಾತಿ. ಒಂದು ಭಾನುವಾರ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಕೆಳಗಿಳಿದೇಬಿಟ್ಟರು. ನಾನೂ ಹಿಂದೆ ಹೋದೆ. ಅಜ್ಜಿ ಎರಡೂ ಕೈ ಅಡ್ಡ ಹಿಡಿದರು. ಜೆರುಸಲೇಮಿನ ದೇವಾಲಯ ಹಾಳಾದಾಗಿನಿಂದ ಯಹೂದಿಯ ಮನೆ ಪೂರ್ತಿಯಾಗಬಾರದಂತೆ. ಮೊಳಕೈಯಿಂದ ಬೆರಳ ತುದಿಯವರೆಗಿನಷ್ಟು ಗೋಡೆ ಬರಿದಾಗಿಯೇ ಇರಬೇಕಂತೆ. ನಮ್ಮಲ್ಲಿ ಹೂವನ್ನು ಅಳೆಯುವುದೂ ಹಾಗೆಯೇ, ಅದಕ್ಕೆ ಮೊಳ ಅನ್ನುತ್ತೇವೆ ಎಂದೆ.

ಅರವತ್ತೇಳರಲ್ಲಿ ಅಲ್ಲಿ ನಡೆದ ಯುದ್ಧ ಮುಗಿದ ಮೇಲೆ ಅಜ್ಜಿ ಜೆರುಸಲೇಮಿಗೆ ಹೋಗಿಬಂದಿದ್ದರು. ಜನ ಪ್ರಾರ್ಥಿಸುವುದು ಅಲ್ಲಿ ಉಳಿದಿರುವ ಪಡುವಣ ಗೋಡೆಯ ಮುಂದೆ. ಒಳಗೆ ಯಾವ ದೇವರಿದೆ ಎಂದು ಕೇಳಿದೆ. ಗುಡಿ ಎಂದರೆ ಗರ್ಭಗುಡಿ, ಮಂಗಳಾರತಿ ಎಂದುಕೊಂಡವಳು ಇನ್ನೇನು ಕೇಳಿಯಾಳು! ಒಳಗೆ ಎಂಬುದೇ ಇಲ್ಲ ಎಂದರು. ಅದು ದೇವಾಲಯದ ಗೋಡೆಯೂ ಅಲ್ಲ, ದೇವಾಲಯ ನಿಂತಿದ್ದ ಗುಡ್ಡಕ್ಕೆ ಕಟ್ಟಿದ ಆಸರೆಯ ಗೋಡೆ. ಆದರೂ ದೇವರ ಸಾನ್ನಿಧ್ಯ ಅದನ್ನು ಬಿಟ್ಟು ಹೋಗಿಲ್ಲವೆಂದು ನಂಬಿಕೆ. ಕಲ್ಲಿಗೆ ಹಣೆ ಹಚ್ಚಿ ಅಳಬಹುದು. ಅಲ್ಲಿ ಯಾರೂ ಸಾಕು ಅನ್ನುವುದಿಲ್ಲ.

ಮಹಡಿ ಹತ್ತುವಾಗ ನನ್ನ ಗಂಡ, "ಭಿನ್ನ ಆಗಿರೋದಕ್ಕೆ ಕೈ ಮುಗೀತಾರಲ್ಲೇ! ನಾವಾಗಿದ್ರೆ ನೀರಿಗೆ ಬಿಡ್ತಿದ್ವಿ," ಅಂದರು. ನಾನೂ ನಕ್ಕೆ. ಆಗ ನನಗೆ ಐದು ತಿಂಗಳು.

ಏಳರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ನನಗೆ ಮುಖವನ್ನೂ ತೋರಿಸಲಿಲ್ಲ, ಆಗೆಲ್ಲ ಹಾಗೆಯೇ. ಆಸ್ಪತ್ರೆಯಿಂದ ಬಂದು ನೋಡಿದರೆ, ಮಗುವಿಗೆಂದು ನಾನು ಹಳದಿ ಬಳಿದಿದ್ದ ಕೋಣೆ ಬೆಳ್ಳಗಾಗಿತ್ತು. ತೊಟ್ಟಿಲು ಇರಲಿಲ್ಲ. "ಕಣ್ಣಿಗೆ ಬಿದ್ರೆ ತಾನೇ ನೆನಪಾಗೋದು, ಅದಕ್ಕೇ," ಅಂದರು ಗಂಡ. ಊರಾಚೆಯ ಓಕ್ ಬ್ರೂಕಿನಿಂದ ನಮ್ಮ ಕನ್ನಡದವರು ಬಿಸಿಬೇಳೆಬಾತ್ ಹೊತ್ತು ಬಂದರು. "ಅಳಬಾರದಮ್ಮ, ಇನ್ನೂ ವಯಸ್ಸಿದೆ," ಅಂದರು. ಅವರ ಸಮಾಧಾನಕ್ಕಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಅಡುಗೆಮನೆಯಲ್ಲಿ ನಾನು ಅತ್ತರೆ ಗಂಡ ಟಿವಿ ಜೋರು ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಕೆಳಗಿಳಿದೆ. ಅಜ್ಜಿ ಬಾಗಿಲು ತೆರೆದರು. ಆ ಇಟ್ಟಿಗೆಗೆ ಹಣೆ ಹಚ್ಚಿ ಗೋಳೋ ಎಂದು ಅತ್ತೆ. ಅವರು ರೇಡಿಯೊ ಆರಿಸಿ, ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಆ ಚಳಿಗಾಲ ನಾನು ಬದುಕಿದ್ದು ಹಾಗೆ.

ಮತ್ತೆ ಮಕ್ಕಳಾಗಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಡೆಟ್ರಾಯ್ಟಿನ ಹೊರವಲಯದ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಬಾಗಿಲೆದುರು ಒಂದು ಮೊಳ ಗೋಡೆಗೆ ಬಣ್ಣ ಬೇಡ ಎಂದು ಗಂಡನಿಗೆ ಹೇಳಿದ್ದೆ. ಬೇರೇನನ್ನೂ ನಾನು ಕೇಳಿರಲಿಲ್ಲ. ಗೃಹಪ್ರವೇಶದ ಬೆಳಿಗ್ಗೆ ಕಳಶ ಹಿಡಿದು ಒಳಗೆ ಕಾಲಿಟ್ಟರೆ ಗೋಡೆ ಪೂರ್ತಿ ಫಳಫಳ ಹೊಳೆಯುತ್ತಿತ್ತು.

"ಜನ ಬರ್ತಾರೆ ಕಣೇ, ಅಪಶಕುನ ಅಂತಾರೆ. ನಾನೇ ನಿಂತು ಫಿನಿಶ್ ಮಾಡಿಸ್ಬಿಟ್ಟೆ," ಅಂದರು, ಖುಷಿಯಿಂದಲೇ.

ಎಲ್ಲರೂ ಊಟಕ್ಕೆ ಕೂತ ಮೇಲೆ ಹೋಗಿ ಗೋಡೆಯ ಮೇಲೆ ಕೈಯಾಡಿಸಿದೆ. ಕೆಲಸ ಅಷ್ಟು ಅಚ್ಚುಕಟ್ಟು. ನನ್ನ ಮೊಳ ಎಲ್ಲಿತ್ತೆಂದೇ ತಿಳಿಯಲಿಲ್ಲ.