ಬೂಷ್ಟಿಗೊಂದು ಇಂಗ್ಲಿಷ್ ಹೆಸರು

"ಇದು ಪ್ಲೂಮ್! ಸಿಗಾರಿನ ಎಣ್ಣೆ ಹೊರಗೆ ಬಂದು ಹರಳುಗಟ್ಟಿದೆ. ಹಳೇ ಸರಕಿಗೆ ಮಾತ್ರ ಹೀಗಾಗೋದು" ಎಂದು ನಮ್ಮ ಮ್ಯಾನೇಜರು ವರ್ತೂರಿನ ತಮ್ಮ ಫ್ಲ್ಯಾಟಿನ ಪಾರ್ಟಿಯಲ್ಲಿ ಪೆಟ್ಟಿಗೆ ತೆರೆದು, ಸಿಗಾರುಗಳ ಮೇಲಿನ ಬಿಳಿ ಪದರ ತೋರಿಸಿದರು. ಟೀಮಿನವರೆಲ್ಲ ಭಕ್ತಿಯಿಂದ ತಲೆದೂಗಿದೆವು.

ಅವರ ಹೆಂಡತಿ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಹರಳಾದ್ರೆ ಪುಡಿಯಾಗಿ ಉದುರ್ಬೇಕು ಕಣ್ರೀ. ಇದು ಹತ್ತಿ ಥರ ಕೂದಲು ಬಿಟ್ಟಿದೆ, ನಡುವೆ ಹಸಿರು ಚುಕ್ಕೆ ಬೇರೆ. ಬೂಷ್ಟು!"

ಮ್ಯಾನೇಜರು ಒಪ್ಪಲಿಲ್ಲ. ಹಟಕ್ಕೆ ಬಿದ್ದು ಅದನ್ನೇ ಹಚ್ಚಿ ಒಂದು ದಮ್ಮು ಎಳೆದವರು ಕೆಮ್ಮುತ್ತಾ ಬಾಲ್ಕನಿಗೆ ಓಡಿದರು. ಅಲ್ಲಿಂದಲೇ "ಫ್ಲೇವರ್ ಸ್ಟ್ರಾಂಗ್ ಇದೆ" ಎಂದರು.

ಸೋಮವಾರದ ಮೀಟಿಂಗಿನಲ್ಲಿ ಅವರು ನಮ್ಮ ಪ್ರಾಜೆಕ್ಟ್ ತಡವಾಗುತ್ತಿರುವುದನ್ನೂ ಒಳ್ಳೆಯ ಲಕ್ಷಣವೆಂದು ಬಣ್ಣಿಸಿದಾಗ, ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಮೊದಲ ಬಾರಿಗೆ, "ಇದನ್ನೂ ಬೆಳಕಿಗೆ ಹಿಡಿದು ನೋಡೋಣ ಸಾರ್" ಎಂದೆ.